ರಾತ್ರಿ ಉಳಿದ ಅನ್ನಕ್ಕೆ ಬೆಳಗಿನ ಒಗ್ಗರಣೆ ಸಾಲದು

ಬೆಂಗಳೂರಿನ ಮನೆಗಳಲ್ಲಿ ರಾತ್ರಿ ಅನ್ನ ಅಕಸ್ಮಾತ್ತಾಗಿ ಉಳಿಯುವುದು ಕಮ್ಮಿ. ಬೆಳಿಗ್ಗೆ ಚಿತ್ರಾನ್ನಕ್ಕೆ ಆಗಲಿ ಅಂತ ಅರ್ಧ ಲೋಟ ಅಕ್ಕಿ ಜಾಸ್ತಿಯೇ ಇಟ್ಟಿರುತ್ತಾರೆ. ಏಳೂಕಾಲಿಗೆ ಸ್ಕೂಲ್ ವ್ಯಾನ್ ಬರುವ ಮನೆಯಲ್ಲಿ ಅಕ್ಕಿ ತೊಳೆದು, ಕುಕ್ಕರ್ ಇಟ್ಟು, ಅನ್ನ ಆರಹಾಕಿ, ಆಮೇಲೆ ಒಗ್ಗರಣೆ ಹಾಕುವಷ್ಟು ಪುರುಸೊತ್ತು ಯಾರಿಗಿದೆ? ಹಾಗಾಗಿ ಉಳಿದ ಅನ್ನವನ್ನು ಕುಕ್ಕರ್‌ನಲ್ಲೇ ಮುಚ್ಚಿ, ಒಲೆಯ ಮೇಲೇ ಬಿಟ್ಟು ಮಲಗುವುದು ರೂಢಿ. ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ. ಹಳಸಿದ ವಾಸನೆ ಇಲ್ಲ ಅಂದರೆ ನೇರ ಬಾಣಲೆಗೆ. ಹೇಗೂ ಬಿಸಿ ಮಾಡ್ತೀವಲ್ಲ ಅನ್ನುವುದು ಧೈರ್ಯ.

ಆ ಧೈರ್ಯಕ್ಕೆ ಬುಡ ಗಟ್ಟಿಯಿಲ್ಲ. ಉಳಿದ ಅನ್ನ ತಿನ್ನಲು ಯೋಗ್ಯವೋ ಅಲ್ಲವೋ ಅನ್ನುವುದು ರಾತ್ರಿ ಊಟ ಮುಗಿದ ಮೇಲಿನ ಒಂದೆರಡು ಗಂಟೆಯಲ್ಲೇ ತೀರ್ಮಾನವಾಗಿರುತ್ತದೆ. ಆಗ ಕೆಟ್ಟಿದ್ದನ್ನು ಬೆಳಗಿನ ಬೆಂಕಿ ತಿದ್ದಲಾರದು.

ಇದರ ಹಿಂದಿರುವುದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ. ಮಣ್ಣಿನ ಜೀವಿ, ಗದ್ದೆಯಿಂದ ಭತ್ತದ ಜೊತೆ ಅಕ್ಕಿಗೂ ಬರುತ್ತದೆ. ಒಣ ಅಕ್ಕಿಯಲ್ಲಿ ಅದು ಗಟ್ಟಿ ಕವಚ ಹೊದ್ದ ಬೀಜಕವಾಗಿ ಸುಮ್ಮನೆ ಕೂತಿರುತ್ತದೆ, ತಿಂಗಳುಗಟ್ಟಲೆ. ಎಷ್ಟು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬಸಿದ ಅನ್ನದಲ್ಲಿ ಈ ಬೀಜಕಗಳು ಬದುಕಿ ಉಳಿಯುವುದು ಸಹಜ. ಕುಕ್ಕರ್‌ನಲ್ಲಿ ಒತ್ತಡ ಏರಿದಾಗ ಒಳಗಿನ ಬಿಸಿ 120ರ ಹತ್ತಿರ ಹೋಗುತ್ತದೆ, ಹೆಚ್ಚಿನವು ಅಲ್ಲಿ ಸಾಯುತ್ತವೆ. ಆದರೆ ಮೂರು ಕೂಗಿಗೆ ಇಳಿಸುವ ಅನ್ನ ಆ ಬಿಸಿಯಲ್ಲಿರುವುದು ಕೆಲವೇ ನಿಮಿಷ. ಮುಚ್ಚಳ ತೆಗೆದ ಮೇಲೆ ಸೌಟು, ಕೈ, ತಟ್ಟೆ ಎಲ್ಲದರಿಂದಲೂ ಹೊಸದಾಗಿ ಬಂದು ಸೇರಬಹುದು. ಕುಕ್ಕರ್ ಅನ್ನವೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಅನ್ನ 60 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದಂತೆ ಬೀಜಕಗಳು ಎಚ್ಚರವಾಗುತ್ತವೆ. ನೀರಿದೆ, ಪಿಷ್ಟವಿದೆ, ಬೆಚ್ಚಗಿದೆ. 30ರಿಂದ 37 ಡಿಗ್ರಿ ಅವಕ್ಕೆ ಹಬ್ಬ. ಹೀಗೆ ಬೆಳೆಯುವಾಗ ಕೆಲವು ತಳಿಗಳು ಸೆರಿಯುಲೈಡ್ ಎಂಬ ವಿಷವನ್ನು ಅನ್ನದಲ್ಲೇ ಬಿಡುತ್ತವೆ. ಅಸಲಿ ತೊಂದರೆ ಇದು. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಈ ವಿಷ ಹಾಳಾಗುವುದಿಲ್ಲ. ಹೊಟ್ಟೆಯ ಆಮ್ಲಕ್ಕೂ ಬಗ್ಗದು. ಬ್ಯಾಕ್ಟೀರಿಯಾವನ್ನು ಬಾಣಲೆಯಲ್ಲಿ ಕೊಲ್ಲಬಹುದು, ಅದು ರಾತ್ರಿಯೆಲ್ಲ ಮಾಡಿಟ್ಟ ವಿಷ ಹಾಗೇ ಉಳಿಯುತ್ತದೆ. ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಅನ್ನ ಅಂಟಂಟಾಗಿ, ಎಳೆದರೆ ನೂಲು ಬರುವಷ್ಟು ಹಳಸುವ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತದೆ. ಮೂಗಿಗೆ ಸಿಗದೆ ಕೆಟ್ಟಿರುವ ಅದರ ಹಿಂದಿನ ಹಂತವೇ ಜನರನ್ನು ಮಲಗಿಸುವುದು.

ಈ ಸಂಬಂಧ ಮೊದಲು ಬೆಳಕಿಗೆ ಬಂದದ್ದು 1971ರಲ್ಲಿ, ಬ್ರಿಟನ್ನಿನ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್‌ನಿಂದ. ಅಲ್ಲಿ ನಡೆದದ್ದು ನಮ್ಮ ಚಿತ್ರಾನ್ನದ ಲೆಕ್ಕಾಚಾರವೇ. ಫ್ರಿಜ್‌ನಲ್ಲಿಟ್ಟರೆ ಅನ್ನ ಗಂಟುಗಂಟಾಗುತ್ತದೆ, ಹೊರಗೆ ಬಿಟ್ಟರೆ ಉದುರುದುರಾಗಿ ಹುರಿಯಲು ಸಲೀಸು ಅಂತ ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಅನ್ನವನ್ನು ರಾತ್ರಿ ಹೊರಗೇ ಬಿಡುತ್ತಿದ್ದರು. ಮರುದಿನ ಎಣ್ಣೆ, ಮೊಟ್ಟೆ ಹಾಕಿ ಗಡಿಬಿಡಿಯಲ್ಲಿ ಹುರಿದು ಬಡಿಸುತ್ತಿದ್ದರು. ತಿಂದ ಕೆಲವೇ ಗಂಟೆಯಲ್ಲಿ ವಾಂತಿ.

ಹಾಗಾದರೆ ರಾತ್ರಿ ಏನು ಮಾಡಬೇಕು? ಬೇಗ ತಣ್ಣಗೆ ಮಾಡಬೇಕು, ಅಷ್ಟೇ. ಬ್ರಿಟನ್ನಿನ ಆಹಾರ ಇಲಾಖೆ ಹೇಳುವುದು ಒಂದು ಗಂಟೆಯೊಳಗೆ ತಣಿಸಿ ಫ್ರಿಜ್‌ಗೆ, 24 ಗಂಟೆಯೊಳಗೆ ಹೊಟ್ಟೆಗೆ, ಬಿಸಿ ಮಾಡುವುದು ಒಂದೇ ಸಲ. ಅಮೆರಿಕದವರು ಹೊರಗಿಡಲು ಎರಡು ಗಂಟೆ ಕೊಡುತ್ತಾರೆ, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನದ ಸಲಿಗೆಯೂ ಉಂಟು. ನಮ್ಮ ಫ್ರಿಜ್ ಬಾಗಿಲು ದಿನಕ್ಕೆಷ್ಟು ಸಲ ತೆರೆಯುತ್ತದೆ, ನಡುವೆ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ ಅನ್ನುವುದನ್ನು ನೋಡಿದರೆ ಅನ್ನದ ಮಟ್ಟಿಗೆ ಬ್ರಿಟನ್ನಿನ ಬಿಗಿಯೇ ವಾಸಿ. ರಾತ್ರಿಯ ಅನ್ನ ಮರುದಿನ ಮಧ್ಯಾಹ್ನ ದಾಟಬಾರದು, ತೀರಾ ಅಂದರೆ ರಾತ್ರಿ ಊಟ. ಬೆಂಗಳೂರು ತಂಪು ಊರು, ಡಿಸೆಂಬರ್‌ನಲ್ಲಿ ಏನೂ ಆಗಲ್ಲ ಅನ್ನುವವರಿದ್ದಾರೆ. ಹೊರಗೆ 16 ಡಿಗ್ರಿ ಇರಬಹುದು, ಕಿಟಕಿ ಮುಚ್ಚಿದ ಅಡುಗೆಮನೆ ಅಷ್ಟಿರುವುದಿಲ್ಲ, ಮುಚ್ಚಿದ ಕುಕ್ಕರ್‌ನ ಹೊಟ್ಟೆಯಂತೂ ಮಧ್ಯರಾತ್ರಿವರೆಗೂ ಬೆಚ್ಚಗೇ ಇರುತ್ತದೆ.

ತಣಿಸುವುದರಲ್ಲಿ ಎಲ್ಲ ನಿಂತಿರುವುದು ದಪ್ಪದ ಮೇಲೆ. ಅನ್ನದ ರಾಶಿಯ ದಪ್ಪ ಎರಡು ಪಟ್ಟಾದರೆ ನಡುಭಾಗ ತಣಿಯಲು ಹೆಚ್ಚುಕಮ್ಮಿ ನಾಲ್ಕು ಪಟ್ಟು ಹೊತ್ತು ಬೇಕು. ಹತ್ತು ಸೆಂಟಿಮೀಟರ್ ಎತ್ತರಕ್ಕೆ ತುಂಬಿರುವ ಪಾತ್ರೆಯಲ್ಲಿ ಮೇಲ್ಪದರ ತಣ್ಣಗಿದ್ದರೂ ಬೆರಳು ಒಳಗಿಟ್ಟರೆ ಉಗುರು ಬೆಚ್ಚಗೆ. ಅದೇ ಅನ್ನವನ್ನು ಅಗಲದ ಸ್ಟೀಲ್ ತಟ್ಟೆಗೋ ಪರಾತಕ್ಕೋ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಹರವಿ, ಫ್ಯಾನ್ ಕೆಳಗಿಟ್ಟು, ಒಮ್ಮೆ ಮಗುಚಿದರೆ ಇಪ್ಪತ್ತು ಮೂವತ್ತು ನಿಮಿಷಕ್ಕೆ ಕೋಣೆಯ ಮಟ್ಟಕ್ಕೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಗಿಂತ ಸ್ಟೀಲ್ ಬೇಗ ಬಿಸಿ ಬಿಟ್ಟುಕೊಡುತ್ತದೆ. ಜಾಗವಿಲ್ಲ ಅಂದರೆ ಅನ್ನದ ಪಾತ್ರೆಯನ್ನು ತಣ್ಣೀರು ತುಂಬಿದ ಬೇಸಿನ್ನಿನಲ್ಲಿ ಅರ್ಧ ಮುಳುಗುವಂತೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ನೀರು ಬದಲಿಸಿ ಸೌಟಿನಿಂದ ಮಗುಚಿ. ಈ ಹೊತ್ತಿನಲ್ಲಿ ಗಾಳಿಯಾಡದ ಮುಚ್ಚಳ ಬೇಡ, ತೆಳು ಬಟ್ಟೆಯೋ ಜಾಲರಿಯೋ ಸಾಕು. ಹಬೆ ಒಳಗೇ ಸಿಕ್ಕಿಬಿದ್ದರೆ ನೀರಾಗಿ ಅನ್ನದ ಮೇಲೇ ಸುರಿಯುತ್ತದೆ. ಹಳಸುವುದು ಆ ಒದ್ದೆ ಜಾಗದಿಂದಲೇ ಶುರು.

ಬಿಸಿಯಾದದ್ದನ್ನು ಒಳಗಿಟ್ಟರೆ ಫ್ರಿಜ್ ಕೆಡುತ್ತದೆ ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ಮೂರು ಲೀಟರ್ ಕುಕ್ಕರ್ ಹೊಗೆಯಾಡುತ್ತಿರುವಾಗ ತಳ್ಳಿದರೆ ಪಕ್ಕದ ಹಾಲು, ಹಿಟ್ಟು ಎಲ್ಲ ಬೆಚ್ಚಗಾಗುವುದು ನಿಜ. ಆದರೆ ಆ ಮಾತು ಹಿಡಿದುಕೊಂಡು ಪೂರ್ತಿ ತಣ್ಣಗಾಗಲಿ ಅಂತ ಕಾದು, ಧಾರಾವಾಹಿ ಮುಗಿಸಿ, ಮರೆತು ಮಲಗುವುದೇ ಹೆಚ್ಚು. ತೆಳುವಾಗಿ ಹರವಿದ ಅನ್ನ ಸ್ವಲ್ಪ ಬೆಚ್ಚಗಿದ್ದರೂ ಒಳಗಿಡಿ, ಯಾವ ಫ್ರಿಜ್ಜಿಗೂ ಅದು ಭಾರವಲ್ಲ. ಜಾಗ ಮಧ್ಯದ ಇಲ್ಲವೇ ಮೇಲಿನ ಅರೆ. ಬಾಗಿಲಿನ ಕಡೆ ಬೇಡ, ಅದು ಇಡೀ ಫ್ರಿಜ್‌ನಲ್ಲೇ ಬೆಚ್ಚನೆಯ ಜಾಗ. ಒಳಗೆ 5 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರಬೇಕು. ತಿರುಪಿನ ಮೇಲಿನ ಅಂಕಿ ಡಿಗ್ರಿಯಲ್ಲ, ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟು ತಂಪು ಜಾಸ್ತಿ. ಕೆಲವು ನೂರು ರೂಪಾಯಿಯ ಥರ್ಮಾಮೀಟರ್ ಒಂದನ್ನು ಲೋಟದ ನೀರಲ್ಲಿ ಅದ್ದಿ ರಾತ್ರಿಯಿಡೀ ಒಳಗಿಟ್ಟು ಬೆಳಿಗ್ಗೆ ನೋಡಿದರೆ ಸತ್ಯ ಗೊತ್ತಾಗುತ್ತದೆ. ಕರೆಂಟ್ ಹೋದರೆ ಬಾಗಿಲು ತೆರೆಯದೆ ಬಿಟ್ಟ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚಾದರೆ ಉಪ್ಪಿನಕಾಯಿ ಉಳಿಸಿಕೊಳ್ಳಿ, ಅನ್ನ ಬಿಡಿ.

ಫ್ರಿಜ್‌ನ ಅನ್ನ ಕಲ್ಲಾಗುತ್ತದೆ ಎಂಬುದು ದೂರು. ಬೆಂದಾಗ ನೀರು ಕುಡಿದು ಸಡಿಲಗೊಂಡಿದ್ದ ಪಿಷ್ಟ ತಣ್ಣಗಾದಂತೆ ಮತ್ತೆ ಒತ್ತೊತ್ತಾಗಿ ಕಟ್ಟಿಕೊಳ್ಳುತ್ತದೆ, ಫ್ರಿಜ್‌ನ ತಂಪಿನಲ್ಲೇ ಅದು ಅತಿ ಚುರುಕು. ಕೆಟ್ಟಿರುವ ಗುರುತಲ್ಲ ಅದು. ನೀರು ಚಿಮುಕಿಸಿ ಹಬೆ ಕೊಟ್ಟು 70 ಡಿಗ್ರಿ ದಾಟಿಸಿದರೆ ಬಹುಪಾಲು ಮತ್ತೆ ಮೆತ್ತಗಾಗುತ್ತದೆ. ಹೀಗೆ ಕಟ್ಟಿಕೊಂಡ ಪಿಷ್ಟದ ಒಂದಂಶ ಸುಲಭವಾಗಿ ಜೀರ್ಣವಾಗದ ಕಾರಣ ಸಕ್ಕರೆ ಕಾಯಿಲೆಯವರಿಗೆ ತಂಗಳನ್ನ ಒಳ್ಳೆಯದು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತಿದೆ. ಸಣ್ಣ ವ್ಯತ್ಯಾಸ ಇರಬಹುದು, ಎರಡು ತಟ್ಟೆ ಉಣ್ಣಲು ಅದು ಪರವಾನಗಿ ಅಲ್ಲ.

ಈಗ ಚಿತ್ರಾನ್ನ. ತಣ್ಣನೆ ಅನ್ನಕ್ಕೆ ಒಗ್ಗರಣೆ ಕಲಸುವುದನ್ನು ನಾವು ಬಿಸಿ ಮಾಡಿದ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಸೇರಿಸುವಂತಿಲ್ಲ. 600 ಗ್ರಾಂ ಅನ್ನ ಫ್ರಿಜ್‌ನಿಂದ ಹೊರಬಂದಾಗ ಐದಾರು ಡಿಗ್ರಿ ಇರುತ್ತದೆ. ಮೂರು ಟೇಬಲ್ ಚಮಚ ಎಣ್ಣೆ ಚೆನ್ನಾಗಿ ಕಾದು 170 ಡಿಗ್ರಿ ಇದ್ದರೂ ಅದರಲ್ಲಿರುವ ಒಟ್ಟು ಶಾಖ ಈ ರಾಶಿಯನ್ನು ಹತ್ತು ಡಿಗ್ರಿ ಕೂಡ ಏರಿಸುವುದಿಲ್ಲ. ಒಲೆ ಆರಿಸಿ ಕಲಸಿದರೆ ತಟ್ಟೆಗೆ ಬರುವುದು ತಣ್ಣನೆ ಅನ್ನ, ಮೇಲೆ ಒಗ್ಗರಣೆಯ ಘಮ. ಬೆಚ್ಚಗಿದೆ ಅಂತ ನಾಲಿಗೆಗೆ ಅನ್ನಿಸಿದರೆ ಅನ್ನ ರಾತ್ರಿಯಿಡೀ ಹೊರಗಿತ್ತು ಅಂತಲೇ ಅರ್ಥ.

ಅನ್ನವನ್ನು ಮೊದಲು ಬೇರೆಯಾಗಿ ಹಬೆಯಲ್ಲಿ ಕಾಯಿಸಿಕೊಳ್ಳಬೇಕು. ನಾಲ್ಕು ಲೋಟ ಉಳಿದ ಅನ್ನಕ್ಕೆ ಎರಡು ಟೇಬಲ್ ಚಮಚ ನೀರು ಚಿಮುಕಿಸಿ, ಗಂಟುಗಳನ್ನು ಸೌಟಿನಿಂದ ಒತ್ತದೆ ಒದ್ದೆ ಬೆರಳಲ್ಲಿ ಬಿಡಿಸಿ. ತಣ್ಣಗಿರುವಾಗ ಸೌಟು ಆಡಿಸಿದರೆ ಅಗುಳು ಮುರಿದು ನುಚ್ಚಾಗುತ್ತದೆ, ಅದಕ್ಕೇ ಎಷ್ಟೋ ಮನೆಯ ಚಿತ್ರಾನ್ನ ಉಪ್ಪಿಟ್ಟಿನ ಹಾಗೆ ಕಾಣುವುದು. ಇಡ್ಲಿ ಪಾತ್ರೆಯ ತಳದಲ್ಲಿ ನೀರು ಕುದಿಸಿ, ಅಗಲದ ತಟ್ಟೆಯಲ್ಲಿ ಅನ್ನವಿಟ್ಟು ಮುಚ್ಚಿ ಎಂಟರಿಂದ ಹತ್ತು ನಿಮಿಷ. ನಡುವಿನಿಂದ ಒಂದು ಅಗುಳು ತೆಗೆದು ಬಾಯಿಗಿಟ್ಟರೆ ಸುಡಬೇಕು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ. ತೆಗೆದು ಅಗಲಕ್ಕೆ ಹರವಿ ಒಂದು ಚಮಚ ಎಣ್ಣೆ ಸವರಿ ಎರಡು ನಿಮಿಷ ಬಿಟ್ಟರೆ ಉದುರುದುರು. ಅಷ್ಟರಲ್ಲಿ ಬಾಣಲೆಯಲ್ಲಿ ಎರಡು ಟೇಬಲ್ ಚಮಚ ಎಣ್ಣೆ, ಒಂದು ಚಮಚ ಸಾಸಿವೆ, ಒಂದೊಂದು ಟೇಬಲ್ ಚಮಚ ಕಡಲೆಬೇಳೆ ಮತ್ತು ಉದ್ದಿನಬೇಳೆ, ಒಂದು ಹಿಡಿ ಕಡಲೇಕಾಯಿ ಬೀಜ, ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಕಾಲು ಚಮಚ ಅರಿಶಿನ. ಅನ್ನ ಬಿದ್ದ ಮೇಲೂ ಸಣ್ಣ ಉರಿಯಲ್ಲಿ ಎರಡು ನಿಮಿಷ ಮಗುಚಿ. ನಿಂಬೆರಸ ಒಲೆ ಆರಿಸಿದ ಮೇಲೆ, ಇಲ್ಲದಿದ್ದರೆ ಕಹಿ ಬರುತ್ತದೆ. ಇದೇ ಕಾರಣಕ್ಕೆ ಮಾಡಿದ ಚಿತ್ರಾನ್ನವನ್ನು ಮತ್ತೆ ಬಿಸಿ ಮಾಡಿದರೆ ರುಚಿ ಹೋಗುತ್ತದೆ. ಹೇಗೂ ಅದು ಎರಡನೇ ಸಲ ಬಿಸಿಯಾಗುವ ಅನ್ನ, ಉಳಿದರೆ ಆಸೆ ಬಿಡಬೇಕು. ನಿಂಬೆ ಹುಳಿ ಇದೆಯಲ್ಲ ಕೆಡುವುದಿಲ್ಲ ಅಂತ ನಂಬಬೇಡಿ, ನಾಲ್ಕು ಲೋಟ ಅನ್ನಕ್ಕೆ ಒಂದು ನಿಂಬೆಹಣ್ಣಿನ ಹುಳಿ ಕಾವಲಿಗೆ ಸಾಲದು. ತೆಂಗಿನಕಾಯಿ ಸಾಸಿವೆ ಹಸಿಯಾಗಿ ರುಬ್ಬಿ ಕಲಸುವ ಕಾಯಿಸಾಸಿವೆ ಚಿತ್ರಾನ್ನವಂತೂ ಆ ಹೊತ್ತಿಗೆ ಮಾಡಿ ಆ ಹೊತ್ತಿಗೆ ಮುಗಿಸುವ ತಿಂಡಿ. ಹಸಿ ತೆಂಗಿನಕಾಯಿ ಅನ್ನಕ್ಕಿಂತ ಮೊದಲೇ ಕೆಡುತ್ತದೆ.

ಬಿಸಿಬೇಳೆ ಬಾತ್‌ನದು ಬೇರೆಯೇ ಕಥೆ. ಇದು ತಣಿಯುವುದೇ ಇಲ್ಲ. ಮೊಸರಿನಷ್ಟು ಗಟ್ಟಿ, ಮೇಲೆ ತುಪ್ಪದ ಪದರ, ಒಳಗೆ ಗಾಳಿ ಹೋಗಲು ದಾರಿಯಿಲ್ಲ. ದೊಡ್ಡ ಪಾತ್ರೆಯ ನಡುಭಾಗ ಐದಾರು ಗಂಟೆ ಕಳೆದರೂ ನಲವತ್ತು ಡಿಗ್ರಿ ಆಸುಪಾಸಿನಲ್ಲೇ ಇರಬಹುದು. ಬೇಳೆ, ತರಕಾರಿ ಸೇರಿದ ಇಂಥ ದಪ್ಪ ಅಡುಗೆಯಲ್ಲಿ ಇನ್ನೊಂದು ಬೀಜಕ ಕಟ್ಟುವ ಬ್ಯಾಕ್ಟೀರಿಯಾ, ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್, ಕೂಡ ಬೆಳೆಯುತ್ತದೆ. ಅದಕ್ಕೆ ಗಾಳಿ ಬೇಡ, 43ರಿಂದ 46 ಡಿಗ್ರಿ ಅಂದರೆ ಇಷ್ಟ, ಸರಿಯಾದ ಬಿಸಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲದು. ಹಾಗಾಗಿ ಉಳಿದ ಬಿಸಿಬೇಳೆ ಬಾತನ್ನು ಮಾಡಿದ ಪಾತ್ರೆಯಲ್ಲೇ ಬಿಡುವ ಹಾಗೇ ಇಲ್ಲ. ಎರಡು ಮೂರು ತಟ್ಟೆಗೆ ಹಂಚಿ, ತೆಳ್ಳಗೆ ಹರವಿ, ತಣ್ಣೀರಿನ ಮೇಲಿಟ್ಟು ತಣಿಸಿ.

ಮರುದಿನ ಅದು ಕತ್ತರಿಸುವಷ್ಟು ಗಟ್ಟಿಯಾಗಿರುತ್ತದೆ, ಅನ್ನ ರಾತ್ರಿಯೆಲ್ಲ ರಸ ಕುಡಿದಿರುತ್ತದೆ. ಹಾಗೇ ಒಲೆಗಿಟ್ಟರೆ ತಳ ಹಿಡಿದು ಸೀದ ವಾಸನೆ ಬರುತ್ತದೆ, ಮೇಲಿನ ಅರ್ಧ ಇನ್ನೂ ತಣ್ಣಗೆ. ಮೊದಲು ನೀರು ಕುದಿಸಿ: ಒಂದು ಲೋಟ ಬಾತ್‌ಗೆ ಅರ್ಧ ಲೋಟ ಕುದಿಯುವ ನೀರು. ದಪ್ಪ ತಳದ ಪಾತ್ರೆಯಲ್ಲಿ ಆ ನೀರಿಗೇ ಬಾತನ್ನು ಸ್ವಲ್ಪ ಸ್ವಲ್ಪವಾಗಿ ಒಡೆದು ಹಾಕುತ್ತಾ, ಸಣ್ಣ ಉರಿಯಲ್ಲಿ ತಳದಿಂದ ಕೆದಕಬೇಕು. ಅಂಚಿನಲ್ಲಿ ಗುಳ್ಳೆ ಬಂದರೆ ಆಗಲಿಲ್ಲ, ನಡುವೆಯೂ ಕೊತಕೊತ ಅನ್ನಬೇಕು. ಆಮೇಲೆ ಎರಡು ಮೂರು ನಿಮಿಷ ಬಿಡಿ. ಉಪ್ಪು, ಹುಳಿ ಎರಡೂ ಸಪ್ಪೆಯಾಗಿರುತ್ತವೆ, ಅರ್ಧ ಚಮಚ ಪುಡಿ ಮತ್ತು ಸ್ವಲ್ಪ ಹುಣಸೆರಸ ಕುದಿಯುವಾಗಲೇ ಸೇರಿಸಿ. ತುಪ್ಪದಲ್ಲಿ ಇಂಗು, ಗೋಡಂಬಿಯ ಹೊಸ ಒಗ್ಗರಣೆ ಹಾಕಿದರೆ ನಿನ್ನೆಯದು ಅಂತ ಯಾರೂ ಹೇಳರು. ಎರಡನೇ ದಿನದ ಬಿಸಿಬೇಳೆ ಬಾತ್ ಮೊದಲ ದಿನದ್ದಕ್ಕಿಂತ ರುಚಿ ಅನ್ನುವವರ ಮಾತಿನಲ್ಲಿ ಹುರುಳಿದೆ, ಮಸಾಲೆ ಅಷ್ಟು ಹೊತ್ತಿಗೆ ಬೇಳೆಗೆ ಇಳಿದಿರುತ್ತದೆ. ಖಾರಾ ಪೊಂಗಲ್‌ಗೂ ಇದೇ ಕ್ರಮ.

ಪಲಾವ್, ವಾಂಗಿಬಾತ್, ಟೊಮೆಟೊ ಬಾತ್ ಒಣಗುವ ಜಾತಿ. ಲೋಟಕ್ಕೆ ಒಂದು ಟೇಬಲ್ ಚಮಚ ನೀರು, ಬಿಗಿ ಮುಚ್ಚಳ, ಕೆಳಗೊಂದು ದೋಸೆ ಕಾವಲಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ, ನಡುವೆ ಒಮ್ಮೆ ಮಗುಚಿ. ಮೈಕ್ರೋವೇವ್ ಆದರೆ ಗಾಜಿನ ಇಲ್ಲವೇ ಪಿಂಗಾಣಿ ಬಟ್ಟಲಲ್ಲಿ ಅಂಚಿಗೆ ಹರಡಿ ನಡುವೆ ಗುಳಿ ಬಿಡಿ, ತಟ್ಟೆ ಮುಚ್ಚಿ. 800 ವ್ಯಾಟ್‌ನಲ್ಲಿ ಒಂದು ಲೋಟಕ್ಕೆ ಒಂದು ನಿಮಿಷ, ತೆಗೆದು ಕಲಸಿ, ಮತ್ತೆ ಮುಕ್ಕಾಲು ನಿಮಿಷ, ಆಮೇಲೆ ಮುಚ್ಚಿದಂತೆಯೇ ಎರಡು ನಿಮಿಷ ಬಿಡಿ. ಒಂದು ತುತ್ತು ಬಾಯಿ ಸುಟ್ಟು ಪಕ್ಕದ ತುತ್ತು ತಣ್ಣಗಿರುವುದು ಮೈಕ್ರೋವೇವ್‌ನ ಹುಟ್ಟುಗುಣ, ಕಲಸದೆ ಅದು ಹೋಗದು. ಬಿರಿಯಾನಿಯಲ್ಲಿ ನೋಡಬೇಕಾದ್ದು ಅನ್ನವನ್ನಲ್ಲ, ಮಾಂಸವನ್ನು. ದೊಡ್ಡ ತುಂಡಿನ ಮೂಳೆ ಪಕ್ಕ ಕೊನೆಗೆ ಬಿಸಿಯಾಗುತ್ತದೆ. ತುಂಡುಗಳನ್ನು ಬೇರೆ ತೆಗೆದು ಮೊದಲು ಕಾಯಿಸಿ ಆಮೇಲೆ ಅನ್ನಕ್ಕೆ ಸೇರಿಸುವುದೇ ಸರಿ.

ಹೊರಗಿಂದ ತರಿಸಿದ್ದರಲ್ಲಿ ಗಡಿಯಾರ ಯಾವಾಗ ಶುರುವಾಯಿತು ಅನ್ನುವುದೇ ಗೊತ್ತಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲಿಗೆ ಬಂದ ಬಿರಿಯಾನಿ ಎಷ್ಟು ಹೊತ್ತಿಗೆ ಬೆಂದಿತ್ತೋ. ಅರ್ಧ ತಿನ್ನುವ ಅಂದಾಜಿದ್ದರೆ ತಿನ್ನುವ ಮೊದಲೇ ಅರ್ಧ ತೆಗೆದು ಫ್ರಿಜ್‌ಗಿಡಿ. ಕೈ ಹಾಕಿ ಉಳಿಸಿದ್ದನ್ನು ಇಡುವುದಕ್ಕಿಂತ ಎಷ್ಟೋ ಮೇಲು. ಪಿಜಿಗಳಲ್ಲಿ ಇರುವವರಿಗೆ, ಫ್ರಿಜ್ ಇಲ್ಲದಿದ್ದರೆ, ನೇರ ಮಾತು: ಇಡಬೇಡಿ. ಗೃಹಪ್ರವೇಶ, ಮದುವೆ ಮನೆಯಿಂದ ಸಂಜೆ ಐದಕ್ಕೆ ಪ್ರೀತಿಯಿಂದ ಕಟ್ಟಿಕೊಡುವ ವಾಂಗಿಬಾತ್ ಪೊಟ್ಟಣದ ಬಗ್ಗೆ ಹೇಳುವುದು ಸ್ವಲ್ಪ ಮುಜುಗರದ ವಿಷಯ. ಅದು ಬೆಳಗಿನ ತಿಂಡಿಯದಾಗಿರಬಹುದು, ಮುಚ್ಚಿದ ಡಬರಿಯಲ್ಲಿ ಹಗಲಿಡೀ ಬೆಚ್ಚಗೆ ಕೂತಿರಬಹುದು. ಬೇಡ ಅನ್ನಲಾಗದಿದ್ದರೆ ತಗೊಳ್ಳಿ, ತಿನ್ನಬೇಡಿ. ಲಾಡು, ಮೈಸೂರುಪಾಕಿಗೆ ಈ ಭಯವಿಲ್ಲ.

ಪುಳಿಯೋಗರೆ ಪಯಣಕ್ಕೆ ಕಟ್ಟುವ ಅನ್ನವಾಗಿ ಉಳಿದುಬಂದಿರುವುದಕ್ಕೆ ಕಾರಣವಿದೆ: ಹುಣಸೆಯ ಹುಳಿ ಬಲವಾದದ್ದು, ಗೊಜ್ಜಿನಲ್ಲಿ ನೀರು ಕಡಿಮೆ, ಎಣ್ಣೆ ಉಪ್ಪು ಧಾರಾಳ. ಆದರೆ ಆ ಗುಣ ಗೊಜ್ಜಿನದು, ಅನ್ನದ್ದಲ್ಲ. ಎಣ್ಣೆ ಬಿಡುವವರೆಗೆ ಕುದಿಸಿದ ಗೊಜ್ಜು ಒಣ ಚಮಚ ಬಳಸಿದರೆ ಫ್ರಿಜ್‌ನಲ್ಲಿ ವಾರಗಟ್ಟಲೆ ಇರುತ್ತದೆ. ಅನ್ನವನ್ನು ಆಯಾ ದಿನ ಕಲಸಿ. ಮಕ್ಕಳ ಕೈಗೆ ಸಿಗದ ಹಾಗೆ ಬಚ್ಚಿಡಬೇಕಾದೀತು, ಅದು ಬೇರೆ ಮಾತು.

ಮೊಸರನ್ನವನ್ನು ಬಿಸಿ ಮಾಡುವ ಪ್ರಶ್ನೆಯೇ ಇಲ್ಲ, ಒಡೆಯುತ್ತದೆ. ಹೀಗಾಗಿ ಅದಕ್ಕೆ ಹಳೆಯ ಅನ್ನ ಬಳಸುವುದಾದರೆ ಮೊದಲು ಹಬೆಯಲ್ಲಿ ಚೆನ್ನಾಗಿ ಕಾಯಿಸಿ, ಹಿಸುಕಿ, ಆರಿಸಿ, ಆಮೇಲೆ ಮೊಸರು. ಡಬ್ಬಿಗೆ ಹಾಕುವಾಗ ಒಂದು ಲೋಟ ಅನ್ನಕ್ಕೆ ಮುಕ್ಕಾಲು ಲೋಟ ಕಾಯಿಸಿ ಆರಿಸಿದ ಹಾಲು, ಎರಡು ಚಮಚ ಹೊಸ ಮೊಸರು. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಮೊಸರಿನ ಬ್ಯಾಕ್ಟೀರಿಯಾ ಹುಳಿ ಮಾಡುತ್ತಾ ಬೇರೆಯವಕ್ಕೆ ಜಾಗ ಕೊಡುವುದಿಲ್ಲ. ದಾಳಿಂಬೆ, ದ್ರಾಕ್ಷಿ ತಿನ್ನುವಾಗ.

ಡಬ್ಬಿಯ ಮಾತು ಬಂತು. ಏಳಕ್ಕೆ ತುಂಬಿ ಹನ್ನೆರಡೂವರೆಗೆ ಮಗು ತೆರೆಯುತ್ತದೆ, ಐದೂವರೆ ಗಂಟೆ. ಉಗುರು ಬೆಚ್ಚಗಿನ ಚಿತ್ರಾನ್ನವನ್ನು ಬಿಗಿ ಡಬ್ಬಿಗೆ ಒತ್ತಿ ತುಂಬುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಇಡೀ ಬೆಳಿಗ್ಗೆ ಅದು 35 ಡಿಗ್ರಿಯಲ್ಲಿ ಬೆವರುತ್ತಾ ಕೂತಿರುತ್ತದೆ. ಒಂದೋ ಸುಡುಸುಡು, ಇಲ್ಲವೇ ಪೂರ್ತಿ ತಣ್ಣಗೆ. ಸುಡುಸುಡು ಅಂದರೆ ಒಳ್ಳೆಯ ಥರ್ಮಸ್ ಡಬ್ಬಿಗೆ ಕುದಿಯುವ ನೀರು ತುಂಬಿ ಐದು ನಿಮಿಷ ಮುಚ್ಚಿಟ್ಟು, ಚೆಲ್ಲಿ, ಒರೆಸಿ, ಹಬೆಯಾಡುವ ಅನ್ನವನ್ನು ಅಂಚಿನವರೆಗೆ ತುಂಬುವುದು. ಅರ್ಧ ತುಂಬಿದರೆ ಬೇಗ ತಣಿಯುತ್ತದೆ. ಸಾಮಾನ್ಯ ಹಾಟ್‌ಬಾಕ್ಸ್ ಊಟದ ಮೇಜಿಗೆ ಸರಿ, ಮಧ್ಯಾಹ್ನದವರೆಗೆ 60 ಡಿಗ್ರಿ ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಶಾಲೆಗೆ ಕಳಿಸುವ ಅನ್ನವನ್ನು ಬೆಳಿಗ್ಗೆ ಹೊಸದಾಗಿ ಮಾಡಿ, ಉಳಿದದ್ದನ್ನು ಮನೆಯಲ್ಲಿರುವವರು ತಿಂದರೆ ಈ ತಲೆಬಿಸಿಯೇ ಇಲ್ಲ.

ಅನ್ನವನ್ನು ಬೇರೆ ರೂಪಕ್ಕೆ ತಿರುಗಿಸುವ ದಾರಿಗಳಲ್ಲಿ ಅಕ್ಕಿ ರೊಟ್ಟಿ ಮೊದಲನೆಯದು. ಒಂದು ಲೋಟ ಅನ್ನವನ್ನು ಬಿಸಿನೀರು ಚಿಮುಕಿಸಿ ಅಗುಳು ಕಾಣದಂತೆ ಹಿಸುಕಿ, ಒಂದೂವರೆ ಲೋಟ ಅಕ್ಕಿ ಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ. ಅನ್ನವೇ ನೀರು ಬಿಡುವುದರಿಂದ ನೀರು ನೋಡಿಕೊಂಡು ಹಾಕಿ. ಅನ್ನ ಜಾಸ್ತಿಯಾದರೆ ರೊಟ್ಟಿ ಕಾವಲಿಗೆ ಅಂಟಿ ಹರಿಯುತ್ತದೆ, ಹಿಸುಕದ ಅಗುಳು ಉಳಿದರೆ ತಟ್ಟುವಾಗ ಅಲ್ಲಲ್ಲಿ ಸೀಳುತ್ತದೆ. ತೆಳ್ಳಗೆ ತಟ್ಟಿ, ಮುಚ್ಚಿ ನಾಲ್ಕು ನಿಮಿಷ, ತಿರುವಿ ಎರಡು. ಸೆಟ್ ದೋಸೆಗೆ ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದು ರುಬ್ಬುವಾಗ ಅರ್ಧ ಲೋಟ ಅನ್ನ ಸೇರಿಸಿದರೆ ಮೆತ್ತಗೆ ಬರುತ್ತದೆ, ಅದಕ್ಕಿಂತ ಹೆಚ್ಚಾದರೆ ದೋಸೆ ಏಳುವುದಿಲ್ಲ. ಮುದ್ದೆಯ ಎಸರಿಗೆ ಒಂದು ಹಿಡಿ ಅನ್ನ ಹಾಕುವುದು ಈ ಕಡೆಯ ಹಳೇ ರೂಢಿ: ಎರಡು ಲೋಟ ನೀರಲ್ಲಿ ಅನ್ನ ಕರಗುವವರೆಗೆ ಕುದಿಸಿ ಒಂದು ಲೋಟ ರಾಗಿ ಹಿಟ್ಟು. ಮುದ್ದೆ ಒಡೆಯದೆ ಕೂರುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿದ್ದರೆ ಸಂಡಿಗೆ ಇಡಬಹುದು, ತೆಳ್ಳಗೆ, ಒಂದೇ ದಿನದಲ್ಲಿ ಮೇಲ್ಮೈ ಒಣಗುವ ಹಾಗೆ. ಇಷ್ಟೆಲ್ಲಕ್ಕೂ ರಾತ್ರಿಯೇ ತಣಿಸಿ ಇಟ್ಟ ಅನ್ನ ಬೇಕು; ಕರಿದರೂ, ಹುದುಗು ಬರಿಸಿದರೂ ಆ ವಿಷ ಹೋಗದೆಂಬುದು ಮೊದಲೇ ಹೇಳಿದ ಮಾತು.

ಹಾಗಿದ್ದರೆ ಅಜ್ಜ ಅಜ್ಜಿಯರು ತಂಗಳನ್ನ ತಿಂದು ನೂರು ವರ್ಷ ಬಾಳಲಿಲ್ಲವೇ? ಅವರು ಉಣ್ಣುತ್ತಿದ್ದದ್ದು ನೀರಲ್ಲಿ ಮುಳುಗಿಸಿಟ್ಟ ಅನ್ನ. ರಾತ್ರಿ ನೀರು ಹೊಯ್ದಾಗಲೇ ಅನ್ನ ತಣ್ಣಗಾಗುತ್ತದೆ, ಬೆಳಗಾಗುವಷ್ಟರಲ್ಲಿ ಹುಳಿ ಬಂದು ಬ್ಯಾಸಿಲಸ್‌ನ ಬೆಳವಣಿಗೆಗೆ ತಡೆ ಬೀಳುತ್ತದೆ. ಮಡಕೆ, ಮಜ್ಜಿಗೆ, ಉಪ್ಪು, ಈರುಳ್ಳಿ, ಬೆಳಗಿನ ಒಂಬತ್ತರೊಳಗೆ ಖಾಲಿ. ಮುಚ್ಚಿದ ಕುಕ್ಕರ್‌ನ ಒಣ ಅನ್ನಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಈಗಲೂ ಮಾಡುವವರು ಆರಿದ ಅನ್ನಕ್ಕೆ ಕುದಿಸಿ ಆರಿಸಿದ ನೀರು ನಾಲ್ಕು ಬೆರಳು ಮೇಲೆ ನಿಲ್ಲುವಷ್ಟು ಹೊಯ್ದು, ಶುರುವಿನಲ್ಲೇ ಎರಡು ಚಮಚ ಹುಳಿ ಮಜ್ಜಿಗೆ ಬೆರೆಸಿದರೆ ಹುಳಿ ಬೇಗ ಹಿಡಿಯುತ್ತದೆ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ನಿತ್ರಾಣಗೊಂಡ ಹಿರಿಯರಿಗೆ ಇದು ಬೇಡ.

ಹೆಚ್ಚು ಉಳಿದರೆ ಫ್ರೀಜರ್ ಇದೆ. ತಣಿಸಿದ ಅನ್ನವನ್ನು ಒಂದೊಂದು ಹೊತ್ತಿಗಾಗುವಷ್ಟು ಚಪ್ಪಟೆ ಪೊಟ್ಟಣ ಮಾಡಿ, ಎರಡು ಸೆಂಟಿಮೀಟರ್ ದಪ್ಪ, ದಿನಾಂಕ ಬರೆದು ಇಡಿ. ಮೈನಸ್ 18 ಡಿಗ್ರಿಯಲ್ಲಿ ತಿಂಗಳು ಕಳೆದರೂ ಹದ ಕೆಡುವುದಿಲ್ಲ. ಫ್ರಿಜ್‌ನ ಅನ್ನಕ್ಕಿಂತ ಇದೇ ಮೆತ್ತಗೆ ಬರುತ್ತದೆ. ಕರಗಿಸಲು ಹೊರಗಿಡದೆ ನೇರ ಹಬೆಗೆ. ಒಂಟಿ ಬಾಗಿಲಿನ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಂಪಾಗುವ ಖಾತ್ರಿಯಿಲ್ಲ, ಅಲ್ಲಿಟ್ಟದ್ದನ್ನು ವಾರದೊಳಗೆ ಮುಗಿಸಿ.

ಕೆಟ್ಟ ಅನ್ನ ತಿಂದಾಗಿದ್ದರೆ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಇದೇ ಬ್ಯಾಸಿಲಸ್ ತರುವ ಇನ್ನೊಂದು ಬಗೆಯ ಕಾಯಿಲೆಯಲ್ಲಿ ಆರರಿಂದ ಹದಿನೈದು ಗಂಟೆಗೆ ಹೊಟ್ಟೆನೋವು, ಭೇದಿ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಗುಟುಕು ಗುಟುಕಾಗಿ. ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ, ಮೂತ್ರ ಕಡಿಮೆಯಾದರೆ, ಮಕ್ಕಳಾದರಂತೂ, ಆಸ್ಪತ್ರೆಗೆ ಹೊರಡಿ. ಅಪರೂಪಕ್ಕೆ ವಾಂತಿ ತರಿಸುವ ಆ ಸೆರಿಯುಲೈಡ್ ವಿಷ ಯಕೃತ್ತಿಗೂ ಏಟು ಕೊಟ್ಟಿರುವ ಉದಾಹರಣೆಗಳಿವೆ.

ಬಿಸಾಡಬೇಕೆಂದು ತೀರ್ಮಾನಿಸಿದ ಅನ್ನವನ್ನು ಗೇಟಿನ ಮುಂದೆ ಬರುವ ಹಸುವಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಬೇಯಿಸಿದ ಅನ್ನ ರಾಶಿಯಾಗಿ ತಿಂದ ಹಸುವಿನ ಮೊದಲ ಹೊಟ್ಟೆಯಲ್ಲಿ ಹುಳಿ ವಿಪರೀತ ಏರಿ ಅದು ಮೇವು ಬಿಟ್ಟು ಮಲಗುತ್ತದೆ, ಸಾಯುವುದೂ ಉಂಟು. ಹಸಿರು ಬಕೆಟ್ಟಿನ ಹಸಿ ಕಸಕ್ಕೆ ಹಾಕಿ. ಮನೆಯಲ್ಲೇ ಗೊಬ್ಬರ ಮಾಡುವವರು ಅನ್ನವನ್ನು ನೀರು ಬಸಿದು, ಗಂಟು ಬಿಡಿಸಿ, ಅದರ ಎರಡರಷ್ಟು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಕಲಸಿ ಹರವಬೇಕು. ಉಂಡೆಯಾಗಿ ಬಿದ್ದರೆ ಒಳಗೆ ಗಾಳಿಯಾಡದೆ ಎರಡೇ ದಿನಕ್ಕೆ ನಾತ, ಆಮೇಲೆ ಹುಳ.